ಹಿತ್ತಲ ಗ್ವಾಡಿ ತುಂಬ ತೂತು, ಗುಂಯ್ ಅನ್ನೋ ಹುಳ: ಎಣ್ಣಿ ಹೊಡದು ಪ್ಲಾಸ್ಟರ್ ಮಾಡ್ಸೂಣೋ, ಬಿಡೂಣೋ?

ಪ್ರಶ್ನೆ: ನಮ್ದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ ರೀ. ಹಳೇ ಮಣ್ಣಿನ ಮನಿ, ಮ್ಯಾಲ ಮಾಳಗಿ. ಹಿತ್ತಲ ಕಡಿ ಗ್ವಾಡಿಯಾಗ ದಸರಾ ಆದಮ್ಯಾಲಿಂದ ಪೆನ್ಸಿಲ್ ತೂರೂವಷ್ಟು ತೂತು ಬೀಳಾಕತ್ಯಾವ, ಈಗ ಎಣಿಸಿದ್ರ ಅರವತ್ತರ ಮ್ಯಾಲ ಅದಾವ. ಹೊಟ್ಟಿ ಮ್ಯಾಲ ನೀಲಿ ಪಟ್ಟಿ ಇರೋ ಜೇನಿನಂಥ ಹುಳ ಮುಂಜಾನೆಯಿಂದ ಒಳಗ ಹೊರಗ ಓಡಾಡ್ತಾವ. ಪಡಸಾಲಿ ಬೇವಿನ ತೊಲಿಗೆ ಕರೇ ದುಂಬಿ ಕೊರದು ಕೆಳಗ ಹೊಟ್ಟು ಉದುರಸ್ತಾವ, ಗುಲಾಬಿ ಎಲಿ ಯಾರೋ ಕತ್ತರಿ ಹಾಕಿದಂಗ ಗುಂಡಗ ಕತ್ತರಿಸಿ ಹೋಗ್ಯಾವ. ಫೆಬ್ರವರಿಯಾಗ ಮಗಳ ಮದುವಿ, ಮುಂದಿನ ವಾರ ಗೌಂಡಿ ಬಂದು ಸಿಮೆಂಟ್ ಪ್ಲಾಸ್ಟರ್ ಶುರು ಮಾಡ್ತಾರ. ಹತ್ತಿಗೆ ತಂದ ಎಣ್ಣಿ (ಕೀಟನಾಶಕ) ಉಳದೈತಿ, ತೂತಿಗೆ ಹೊಡದು ಮುಚ್ಚಿಬಿಡೂಣು ಅಂತಾರ ನಮ್ಮ ಮನಿಯವ್ರು, ಯಾಕಂದ್ರ ಹೋದ ವರ್ಷ ಪಕ್ಕದ ಊರಾಗ ಹೆಜ್ಜೇನು ಕಡದು ಒಬ್ಬರು ಆಸ್ಪತ್ರಿ ಸೇರಿದ್ರು, ಮನ್ಯಾಗ ಸಣ್ಣ ಮೊಮ್ಮಗ ಬ್ಯಾರೆ ಅದಾನ. ನಮ್ಮ ಅತ್ತಿ ಮಾತ್ರ ಗೂಡು ಕೆಡವಬ್ಯಾಡ್ರಿ, ಮನ್ಯಾಗ ತೊಟ್ಲ ಕಟ್ಟೋ ಲಕ್ಷಣ ಅದು ಅಂತಾರ. ಯಾರ ಮಾತು ಕೇಳ್ಲಿ? ಹೊಲದಾಗ ತೊಗರಿ ಐತಿ, ಹಿತ್ತಲದಾಗ ಬದ್ನಿ, ಟೊಮ್ಯಾಟೊ. ಹುಳ ಬೇಕ ಬೇಕಂದ್ರ ಒಂದು ಜೇನು ಪೆಟ್ಟಿಗಿ ತಂದು ಇಟ್ರ ಸಾಕಾಗೂದಿಲ್ಲೇನು?

ಉತ್ತರ:

ಅಕ್ಕಾರ, ಮೊದಲ ಒಂದು ಮಾತು. ಆ ಎಣ್ಣಿ ಡಬ್ಬಿ ಇವತ್ತ ಮನಿಯಿಂದ ಹೊರಗ ಇಡಸ್ರಿ. ಹುಳದ ಸಲುವಾಗಿ ಅಲ್ಲ, ನಿಮ್ಮ ಮೊಮ್ಮಗನ ಸಲುವಾಗಿ. ಹೊಲಕ್ಕ ಹೊಡ್ಯೋ ಔಷಧ ಹೊಲದ ಗಾಳಿ ಬಿಸಲಿಗೆ ಅಂತ ಮಾಡಿದ್ದು, ಅದನ್ನ ಮನಿ ಗ್ವಾಡಿ ತೂತಿಗೆ ಸುರದ್ರ ಮಣ್ಣು ಹೀರ್ಕೊಂಡು ಎಷ್ಟೋ ದಿನ ವಾಸನಿ ಬಿಡ್ತದ, ಅದೇ ಗ್ವಾಡಿ ಪಕ್ಕ ನೀವು ಕಾಳಿನ ಚೀಲ ಇಟ್ಟಿರ್ತೀರಿ, ಹುಡುಗ ಅದೇ ಗ್ವಾಡಿ ಮುಟ್ಟಿ ಕೈ ಬಾಯಿಗೆ ಹಾಕ್ಕೊಂತಾನ. ಇಪ್ಪತ್ತು ವರ್ಷದಿಂದ ರಾಯಚೂರು, ಕೊಪ್ಪಳ ಹೊಲಗಳಾಗ ಕೀಟ ನೋಡ್ಕೋತ ಅಡ್ಡಾಡಿದೀನಿ, ಹುಳ ಕಡದು ಕೆಟ್ಟದ್ದಕ್ಕಿಂತ ಎಣ್ಣಿ ತಪ್ಪು ಜಾಗದಾಗ ಬಳಸಿ ಕೆಟ್ಟದ್ದನ್ನ ಹೆಚ್ಚು ನೋಡೀನಿ.

ಈಗ ನಿಮ್ಮ ಹೆದರಿಕಿಗೆ ಬರೂಣು. ಹೆಜ್ಜೇನಿನ ಹೆದರಿಕಿ ಸುಳ್ಳಲ್ಲ, ಅದು ಖರೇನ ಅಪಾಯ. ಆದ್ರ ಹೆಜ್ಜೇನು ಯಾಕ ಬೆನ್ನು ಹತ್ತತದ ಅಂತ ಒಂದು ಸಲ ಯೋಚನಿ ಮಾಡ್ರಿ. ಅದರ ಹುಟ್ಟಿನಾಗ ಸಾವಿರಾರು ನೊಣ, ಒಂದು ರಾಣಿ, ಮರಿ, ತುಪ್ಪದ ಗಂಟು ಎಲ್ಲಾ ಒಂದ ಕಡಿ ಇರ್ತದ, ಹಂಗಾಗಿ ಅದನ್ನ ಕಾಯಾಕ ಸಾಯಾಕೂ ತಯಾರಿರೋ ಕೆಲಸದ ನೊಣ ಇರ್ತಾವ. ನಿಮ್ಮ ಗ್ವಾಡ್ಯಾಗಿರೋದು ಹಂಗಲ್ಲ. ಅವು ಒಂಟಿ ಜೇನು. ರಾಣಿ ಇಲ್ಲ, ಆಳು ಇಲ್ಲ, ತುಪ್ಪದ ದಾಸ್ತಾನು ಇಲ್ಲ. ಅರವತ್ತು ತೂತು ಅಂದ್ರ ಅರವತ್ತು ನೊಣ ಇರೋ ಒಂದು ಗೂಡಲ್ಲ, ಒಂದ ಓಣ್ಯಾಗ ಅರವತ್ತು ಮನಿ ಇದ್ದಂಗ, ಒಲಿ ಬ್ಯಾರೆ, ಸಂಸಾರ ಬ್ಯಾರೆ. ಒಬ್ಬೊಬ್ಬ ತಾಯಿ ಒಬ್ಬಾಕಿನ ತೂತು ಕೊರದು, ಒಬ್ಬಾಕಿನ ಬಂಡಾರ (ಹೂವಿನ ಹಳದಿ ಪುಡಿ, ಪರಾಗ) ಹೊತ್ತು ತಂದು, ಒಬ್ಬಾಕಿನ ತತ್ತಿ ಇಟ್ಟು ಮುಚ್ಚತಾಳ. ಆಕಿ ನಿಮ್ಮನ್ನ ಕಡ್ಯಾಕ ಬಂದು ಸತ್ರ ಆ ಮನಿ ಮುಗದಂಗ, ನೋಡ್ಕೊಳ್ಳೋರು ಯಾರೂ ಇಲ್ಲ. ಅದಕ್ಕ ಆಕಿ ಜಗಳಕ್ಕ ಬರೂದಿಲ್ಲ. ಹೆಣ್ಣಿಗೆ ಕೊಂಡಿ ಐತಿ, ಮುಷ್ಟಿಯೊಳಗ ಹಿಡದ್ರ ಅಥವಾ ಅಂಗಿ ಒಳಗ ಸಿಕ್ಕಿ ಒತ್ತಿದ್ರ ಕಡೀತದ, ಅದರ ಉರಿ ಹೆಜ್ಜೇನಿಗಿಂತ ಕಡಿಮಿ. ಗಂಡಿಗೆ ಕೊಂಡಿನ ಇಲ್ಲ. ಹಂಗಂತ ಒಂದು ಎಚ್ಚರ ಇರ್ಲಿ, ಯಾವ ಹುಳ ಕಡದ್ರೂ ಕೆಲವರಿಗೆ ಮೈ ಒಗ್ಗೂದಿಲ್ಲ, ತುಟಿ ನಾಲಿಗಿ ಬಾತು ಉಸಿರು ಕಟ್ಟಿದಂಗಾದ್ರ ಮನಿಮದ್ದು ಅಂತ ಕೂಡಬ್ಯಾಡ್ರಿ, ಸೀದಾ ದವಾಖಾನಿಗೆ ಹೋಗ್ರಿ.

ಜಗತ್ತಿನಾಗ ಗುರುತಿಸಿರೋ ಜೇನಿನ ಜಾತಿ ಸುಮಾರು 20,000, ನಮ್ಮ ದೇಶದಾಗ 700ಕ್ಕೂ ಹೆಚ್ಚು. ನಾವು ಹೆಸರು ಹಿಡದು ಕರಿಯೋ ಹೆಜ್ಜೇನು, ತುಡುವಿ, ಕೋಲು ಜೇನು ಅಂತ ಬೆರಳೆಣಿಕಿ ಬಿಟ್ರ, ನಾಲ್ಕರಾಗ ಮೂರು ಪಾಲಿಗಿಂತ ಹೆಚ್ಚು ಹಿಂಗ ಒಂಟಿಯಾಗೇ ಬದುಕೋವು. ಅದರೊಳಗೂ ಬಹಳಷ್ಟು ನೆಲದಾಗ ತೂತು ಮಾಡ್ಕೊಂಡು ಇರ್ತಾವ. ನಮ್ಮ ಕಡಿ ಎರಿ ಹೊಲ ಬ್ಯಾಸಗಿಗೆ ಬಿರುಕು ಬಿಟ್ಟು ಬಾಯಿ ತಗೀತದ, ಅಂಥಾದ್ರಾಗ ಗೂಡು ಉಳಿಯೋದು ಕಷ್ಟ, ಅವಕ್ಕ ಮಸಾರಿ ನೆಲ, ಹೊಲದ ಬದು, ಹಳ್ಳದ ದಂಡಿ, ಹಿಂಗ ಹಳೇ ಮಣ್ಣಿನ ಗ್ವಾಡಿ ಅಂದ್ರ ಭಾಳ ಸೇರ್ತದ. ಊರಾಗ ಎಲ್ಲಾರೂ ಆರ್‌ಸಿಸಿ ಮನಿ ಕಟ್ಟಿಕೊಂಡಮ್ಯಾಲ ನಿಮ್ಮ ಹಿತ್ತಲ ಗ್ವಾಡಿ ಅವಕ್ಕ ಉಳದಿರೋ ಕೆಲವ ಜಾಗದೊಳಗ ಒಂದು ಆಗಿರಬಹುದು. ಅರವತ್ತು ತೂತು ಒಮ್ಮೆಲೆ ಬಿದ್ದದ್ದಕ್ಕ ಅದೂ ಒಂದು ಕಾರಣ ಅಂತ ನನಗನ್ನಸ್ತದ.

ನೀವು ಹೇಳಿದ ನೀಲಿ ಪಟ್ಟಿ ಹುಳಕ್ಕ ಶಾಸ್ತ್ರದಾಗ ಅಮೆಜಿಲ್ಲಾ ಅಂತಾರ, ನಾವು ನೀಲಿ ಪಟ್ಟಿ ಜೇನು ಅನ್ನೂಣು. ಅದರೊಳಗಿನ ಒಂದು ಜಾತಿಗೆ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಾಗೇ ಹೆಸರು ಇಟ್ಟಾನ, ಅಷ್ಟು ಹಳೇ ಪರಿಚಯ. ನಾಳೆ ಮುಂಜಾನೆ ಒಂಬತ್ತರ ಸುಮಾರಿಗೆ ಬದ್ನಿ ಗಿಡದ ಹತ್ರ ಸುಮ್ನ ಒಂದೈದು ನಿಮಿಷ ಕೂತು ನೋಡ್ರಿ. ಬದ್ನಿ ಹೂವಿನ ನಡುವ ಹಳದಿ ಕಡ್ಡಿಯಂಥವು ಇರ್ತಾವಲ್ಲ, ಅದರ ಪುಡಿ ಹೊರಗ ಕಾಣೂದಿಲ್ಲ, ಕಡ್ಡಿ ತುದಿಗೆ ಸೂಜಿ ಚುಚ್ಚಿದಷ್ಟು ತೂತು ಇರ್ತದ, ಉಪ್ಪಿನ ಡಬ್ಬಿ ಇದ್ದಂಗ, ಅಲ್ಲಾಡಿಸಿದ್ರಷ್ಟ ಪುಡಿ ಬೀಳ್ತದ. ಈ ಜೇನು ಬಂದು ಆ ಕಡ್ಡಿಗೆ ತೆಕ್ಕಿ ಬಡದು, ಮೈ ಬಗ್ಗಿಸಿ, ರೆಕ್ಕಿ ಅಲ್ಲಾಡಿಸದಂಗ ಬರೇ ಎದಿ ಸ್ನಾಯು ನಡುಗಿಸ್ತದ. ಹಾರೋವಾಗ ಗುಂಯ್ ಅಂತಿದ್ದ ದನಿ ಆ ಗಳಿಗಿಗೆ ಝೀಂ ಅಂತ ಸಣ್ಣಗ ಮ್ಯಾಲಕ್ಕ ಏರ್ತದ, ಕಣ್ಣು ಮುಚ್ಚಿಕೊಂಡಿದ್ರೂ ಗೊತ್ತಾಗ್ತದ. ಪುಡಿ ಉದುರಿ ಅದರ ಹೊಟ್ಟಿಗೆ ಮೆತ್ತತದ. ಟೊಮ್ಯಾಟೊ ಹೂವಿಗೂ ಹಿಂಗ, ರಸ್ತಾ ದಂಡಿ ತಂಗಡಿ ಹೂವಿಗೂ ಹಿಂಗ. ಗಾಳಿಗೂ ಒಂದಿಷ್ಟು ಪುಡಿ ಬೀಳ್ತದ ಅನ್ರಿ, ಅದಕ್ಕ ಹುಳ ಇಲ್ಲದಿದ್ರೂ ಒಂದಷ್ಟು ಕಾಯಿ ಕಟ್ಟತದ, ಆದ್ರ ಹುಳ ನಡುಗಿಸಿದ ಹೂವಿನ ಕಾಯಿ ತುಂಬಿ ಬರ್ತದ.

ನಿಮ್ಮ ಪೆಟ್ಟಿಗಿ ಪ್ರಶ್ನೆಗೂ ಉತ್ತರ ಇದರಾಗೇ ಐತಿ. ಪೆಟ್ಟಿಗಿ ಜೇನಿಗೆ ಈ ನಡುಗಿಸೋ ವಿದ್ಯೆ ಬರೂದಿಲ್ಲ. ಸೂರ್ಯಕಾಂತಿಗೆ, ಉಳ್ಳಾಗಡ್ಡಿ ಬೀಜಕ್ಕ ಪೆಟ್ಟಿಗಿ ಭಾಳ ಚೊಲೋ, ತುಪ್ಪನೂ ಬರ್ತದ, ಇಡಬ್ಯಾಡ್ರಿ ಅನ್ನೂದಿಲ್ಲ. ಆದ್ರ ಗ್ವಾಡ್ಯಾಗಿರೋದನ್ನ ಕೊಂದು ಪೆಟ್ಟಿಗಿ ತಂದಿಡೋದು ಅಂದ್ರ ಬಡಿಗ್ಯಾನ್ನ ಕಳಿಸಿ ಅವನ ಕೆಲಸಕ್ಕ ಕುಂಬಾರನ್ನ ಕರಕೊಂಡು ಬಂದಂಗ.

ತೊಗರಿ ಬಗ್ಗೆ ಸ್ವಲ್ಪ ನಿಧಾನಕ್ಕ ಹೇಳ್ಬೇಕು, ಇಲ್ಲಿ ಎರಡೂ ಕಡಿ ಉತ್ಪ್ರೇಕ್ಷೆ ನಡೀತದ. ಜೇನು ಇಲ್ಲದಿದ್ರ ತೊಗರಿ ಬೆಳಿಯೂದ ಇಲ್ಲ ಅಂತ ಕೆಲವರು ಭಾಷಣ ಮಾಡ್ತಾರ, ಅದು ಖರೇ ಅಲ್ಲ, ತೊಗರಿ ಹೂವು ಮೊಗ್ಗಿನಾಗ ಇದ್ದಾಗಲೇ ತನ್ನ ಪರಾಗ ತಾನು ಹಾಕ್ಕೊಂಬಿಡ್ತದ, ಹೆಚ್ಚಿನ ಕಾಯಿ ಹಂಗ ಕಟ್ಟತಾವ. ತೊಗರಿಗೂ ಹುಳಕ್ಕೂ ಸಂಬಂಧನ ಇಲ್ಲ ಅಂತ ಇನ್ನೊಬ್ಬರು, ಅದೂ ಖರೇ ಅಲ್ಲ. ಹೂವಿನ ದೋಣಿಯಂಥ ಪಕಳಿ ಮ್ಯಾಲ ಭಾರ ಬಿಟ್ಟು ಒತ್ತಿ ತಗಿಯೋಕೆ ಗಟ್ಟಿ ಮೈಯಿನ ಹುಳ ಬೇಕು, ಎಲೆಕತ್ತರಿ ಜೇನು ಮತ್ತ ನಿಮ್ಮ ತೊಲಿ ಕೊರಿಯೋ ದುಂಬಿ, ಇವೆರಡು ಆ ಕೆಲಸದಾಗ ಪಳಗಿದವು. ಹೈದರಾಬಾದ್ ಹತ್ರ ಪಟಾಂಚೆರುವಿನಾಗ ಇರೋ ಬೆಳಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ದವ್ರು 1991ರಾಗ ಐಸಿಪಿಎಚ್ 8 ಅಂತ ತೊಗರಿ ಹೈಬ್ರಿಡ್ ತಂದ್ರು, ಬ್ಯಾಳಿ ಕಾಳಿನಾಗ ಜಗತ್ತಿಗೇ ಮೊದಲನೇ ಹೈಬ್ರಿಡ್ ಅದು. ಅಂಥ ಹೈಬ್ರಿಡ್ ಬೀಜ ತಯಾರ ಮಾಡೋವಾಗ ಗಂಡು ಸಾಲಿನ ಪರಾಗ ಹೆಣ್ಣು ಸಾಲಿಗೆ ಮುಟ್ಟಸೋರು ಯಾರಂದ್ರ ಈ ಹುಳಗಳ. ಹೊಲದ ತುಂಬ ಲಕ್ಷಗಟ್ಟಲೆ ಹೂವಿಗೆ ಕೈಲೇ ಯಾರು ಮುಟ್ಟಸ್ತಾರ, ಕೂಲಿ ಯಾರು ಕೊಡ್ತಾರ.

ನಿಮ್ಮ ಗುಲಾಬಿ ಎಲಿ ಕತ್ತರಿಸಿದ್ದೂ ಆ ಎಲೆಕತ್ತರಿ ಜೇನ. ತಿನ್ನಾಕ ಅಲ್ಲ, ಮಕ್ಕಳಿಗೆ ತೊಟ್ಲ ಮಾಡಾಕ. ನಾನು ಹೋದ ವರ್ಷ ಮಾನ್ವಿ ಕಡಿ ಒಂದು ಬಣವಿ ಪಕ್ಕ ಬಿದ್ದಿದ್ದ ಒಣ ಬಿದಿರ ತುಂಡು ಸೀಳಿ ನೋಡಿದೆ, ಒಳಗ ಒಂದರ ಹಿಂದ ಒಂದು ಏಳು ಹಸರು ಬೀಡಿ ಜೋಡಿಸಿಟ್ಟಂಗ ಇತ್ತು. ಒಂದು ಬೀಡಿ ಬಿಚ್ಚಿದ್ರ ಸುತ್ತ ಉದ್ದನ್ನ ಎಲಿ ತುಂಡು, ಎರಡೂ ಬಾಯಿಗೆ ಅಂಗಿ ಗುಂಡಿಯಷ್ಟು ಗುಂಡನ್ನ ತುಂಡು ಮುಚ್ಚಳ, ನಡುವ ಬೆಲ್ಲದ ಪಾಕದಂಥ ಹಳದಿ ಮುದ್ದಿ, ಅದರ ಮ್ಯಾಲ ಅಕ್ಕಿ ಕಾಳಿನಂಥ ಬಿಳೇ ತತ್ತಿ. ಅಳತಿ ಪಟ್ಟಿ ಇಲ್ಲ, ಆದ್ರ ಮುಚ್ಚಳ ಕರೆಕ್ಟಾಗಿ ಕೂತಿತ್ತು. ಇಂಥ ಸಾಲು ಗೂಡಿನಾಗ ಸಾಮಾನ್ಯವಾಗಿ ಒಳಗಿನ ಕ್ವಾಣಿಗಳು ಹೆಣ್ಣು, ಬಾಯಿ ಕಡಿ ಇರೋವು ಗಂಡು, ಗಂಡು ಮೊದಲ ಹೊರಗ ಬರ್ತಾವ. ಗುಲಾಬಿ ಗಿಡಕ್ಕ ಇದರಿಂದ ಏನೂ ಆಗೂದಿಲ್ಲ, ಎಲಿ ಚಂದ ಕಾಣೂದಿಲ್ಲ ಅಷ್ಟ. ಎಣ್ಣಿ ಹೊಡದ್ರ ಮುಂದಿನ ಸಲ ಆ ವಿಷದ ಎಲೀನ ತೊಟ್ಲ ಆಗ್ತದ.

ಅತ್ತಿಯವ್ರ ಮಾತಿಗೆ ಬರ್ತೀನಿ. ಅವ್ರು ಹೇಳೋ ತೊಟ್ಲದ ಲಕ್ಷಣ ಜೇನಿಂದಲ್ಲ, ಹಸಿ ಮಣ್ಣು ತಂದು ಬಾಗಲ ಮೂಲಿಗೆ, ದೇವರ ಫೋಟೋ ಹಿಂದ ಮಡಕಿ ಮೆತ್ತಿದಂಗ ಗೂಡು ಕಟ್ಟೋ ಕಣಜದ್ದು ಇರ್ಬೇಕು, ಸಣ್ಣ ನಡುವಿನ ಉದ್ದ ಹುಳ. ಅದು ಜೇನಲ್ಲ, ಬ್ಯಾರೆ ಬಳಗ. ಹುಳಕ್ಕ ಭ್ರಮರ ಗುಂಯ್ ಗುಟ್ಟಿ ಗುಂಯ್ ಗುಟ್ಟಿ ಅದನ್ನೂ ತನ್ನಂಗ ಭ್ರಮರ ಮಾಡ್ತದ ಅಂತ ಕೀಟ-ಭ್ರಮರ ನ್ಯಾಯ ಕೇಳೀರಲ್ಲ, ಅದು ಹುಟ್ಟಿದ್ದೂ ಇಂಥ ಗೂಡು ನೋಡೇ. ಗುರು ಶಿಷ್ಯರ ಮಾತು ಹೇಳಾಕ ಭಾಳ ಚಂದದ ಹೋಲಿಕಿ. ಗೂಡಿನಾಗ ನಡಿಯೋದು ಮಾತ್ರ ಬ್ಯಾರೆ, ಕಣಜ ಕಂಬಳಿ ಹುಳನೋ ಜೇಡನೋ ಹಿಡದು ಕೊಂಡಿ ಚುಚ್ಚಿ ಲಕ್ವಾ ಹೊಡದಂಗ ಮಾಡಿ ಒಳಗ ಇಟ್ಟು ಅದರ ಜೋಡಿ ತನ್ನ ತತ್ತಿ ಇಡ್ತದ, ತತ್ತಿ ಒಡದ ಮರಿ ಆ ಹುಳ ತಿಂದು ಬೆಳೀತದ. ಒಳಗ ಹೋಗಿದ್ದು ಹುಳ, ಹೊರಗ ಬಂದದ್ದು ಭ್ರಮರ, ನೋಡಿದವರಿಗೆ ಹುಳನ ಬದಲಾತು ಅನಸ್ತು. ಅತ್ತಿಯವ್ರಿಗೆ ಇಷ್ಟು ಹೇಳ್ರಿ, ಕಾರಣ ಬ್ಯಾರೆ ಇರಬಹುದು, ಕೆಡವಬ್ಯಾಡ್ರಿ ಅಂದ ಮಾತು ಸರಿ ಐತಿ.

ದುಂಬಿ ವಿಷಯ. ಅದು ಬಡಿಗ ದುಂಬಿ, ಶಾಸ್ತ್ರದಾಗ ಝೈಲೊಕೋಪಾ ಅಂತಾರ, ಅದೂ ಜೇನಿನ ಬಳಗದ್ದ. ಕಟಗಿ ತಿನ್ನೂದಿಲ್ಲ, ಕೊರದು ಉಗುಳತದ, ಅದಕ್ಕ ಕೆಳಗ ಹೊಟ್ಟು ಬೀಳೋದು. ಬೆರಳು ಹೋಗೋವಷ್ಟು ಗುಂಡನ್ನ ಬಾಯಿ ಮಾಡಿ ಒಳಗ ಕಟಗಿ ಎಳಿ ಗುಂಟ ತಿರುಗಿ ಹೋಗ್ತದ. ಕೀಟಗಳೊಳಗ ಎಲ್ಲಕ್ಕಿಂತ ದೊಡ್ಡ ತತ್ತಿ ಇಡೋದು ಈ ದುಂಬಿ ಬಳಗ, ಒಂದೊಂದು ಸೆಂಟಿಮೀಟರ್‌ಗಿಂತ ಉದ್ದ ಇರ್ತದ, ಹಂಗಾಗಿ ಇಡೋದೂ ಕೆಲವ. ಮಾರಿ ಮುಂದ ಬಂದು ಗಾಳ್ಯಾಗ ನಿಂತು ಹೆದರಿಸೋದು ಸಾಮಾನ್ಯವಾಗಿ ಗಂಡು, ಅದರ ಕೈಲೇ ಕಡಿಯೋಕ ಆಗೂದಿಲ್ಲ. ಒಂದೆರಡು ತೂತಿಗೆ ದಪ್ಪ ತೊಲಿ ಬೀಳೂದಿಲ್ಲ, ಆದ್ರ ಅದೇ ತೂತನ್ನ ವರ್ಷ ವರ್ಷ ಬಳಸಿ ಉದ್ದ ಮಾಡ್ಕೋತ ಹೋದ್ರ ತೆಳ್ಳಗಿನ ಜಂತಿಗೆ ತೊಂದ್ರಿ ಆಗತದ, ಅದನ್ನ ಮುಚ್ಚಿಡೂದಿಲ್ಲ. ಬೀಳೋ ಹೊಟ್ಟು ಹಿಟ್ಟಿನಂಗ ನುಣ್ಣಗಿದ್ದು ತೂತು ಗುಂಡುಸೂಜಿಯಷ್ಟಿದ್ರ ಅದು ದುಂಬಿ ಅಲ್ಲ, ಕಟಗಿ ಕೊರಕ ಹುಳ. ಮಣ್ಣಿನ ಗೆರಿ ಏರಿದ್ರ ಗೆದ್ದಲು. ಅವೆರಡು ಖರೇನ ತೊಲಿ ತಿನ್ನೋವು, ಅವಕ್ಕ ಬಡಿಗ್ಯಾರನ್ನ ಕರಸ್ರಿ. ದುಂಬಿಗೆ ಹಿಂಗ ಮಾಡ್ರಿ: ತೂತಿನ ಬಾಯಿಗೆ ತೆಳು ಪೇಪರ್ ಚೂರು ಅಂಟಸ್ರಿ, ಹರದ್ರ ಒಳಗ ಸಂಸಾರ ಐತಿ. ಹರಿಯೋದು ನಿಂತು ಒಂದೆರಡು ತಿಂಗಳು ಆದಮ್ಯಾಲ ಕಟಗಿ ಪುಟ್ಟಿ ತುಂಬಿ ಪೇಂಟ್ ಹಚ್ರಿ, ಬಣ್ಣ ಹಚ್ಚಿದ ಕಟಗಿಗೆ ಅವು ಬರೋದು ಕಡಿಮಿ. ಅದರ ಜೋಡಿ ದನದ ಕೊಟ್ಟಿಗಿ ಸೂರಿಗೆ ಒಣ ಬಿದಿರ ತುಂಡಿನ ಕಟ್ಟು ಅಡ್ಡ ಮಾಡಿ ಕಟ್ರಿ, ಒಂದು ಬಾಯಿ ತೆರೆದಿರಲಿ, ಇನ್ನೊಂದು ಗಿಣ್ಣಿಗೆ ಮುಚ್ಚಿರಲಿ, ಹೆಬ್ಬೆರಳು ದಪ್ಪದ್ದೂ ಇರ್ಲಿ, ಪೆನ್ಸಿಲ್ ದಪ್ಪದ್ದೂ ಇರ್ಲಿ. ಮಧ್ಯಾಹ್ನದ ಬಿಸಲು ನೇರ ಬೀಳಬಾರದು, ನಮ್ಮ ಏಪ್ರಿಲ್ ಮೇ ಬಿಸಲಿಗೆ ಮರಿ ಒಳಗ ಬೆಂದು ಹೋಗ್ತಾವ. ಪ್ಲಾಸ್ಟಿಕ್ ಪೈಪು ಬ್ಯಾಡ್ರಿ, ನೀರು ನಿಂತು ಬೂಷ್ಟು ಹಿಡೀತದ. ಎರಡು ವರ್ಷಕ್ಕೊಮ್ಮೆ ಖಾಲಿ ಬಿದಿರು ಬದಲು ಮಾಡ್ರಿ, ಇಲ್ಲಂದ್ರ ಹೇನಿನಂಥ ಸಣ್ಣ ಹುಳ ಸೇರ್ಕೊಂಡು ಗೂಡು ಹಾಳು ಮಾಡ್ತಾವ.

ಇನ್ನ ಮುಖ್ಯ ಗ್ವಾಡಿ. ತೂತು ಬಿದ್ದದ್ದಕ್ಕ ಗ್ವಾಡಿ ಬೀಳ್ತದೇನು ಅಂತ ನಿಮ್ಮ ಮನಿಯವ್ರ ಚಿಂತಿ ಇರಬಹುದು. ಈ ಜೇನು ಕೊರಿಯೋದು ಹೆಚ್ಚಂದ್ರ ಒಂದು ಗೇಣು, ಒಂದೂವರಿ ಎರಡು ಅಡಿ ದಪ್ಪದ ಗ್ವಾಡಿಗೆ ಅದು ಲೆಕ್ಕಕ್ಕಿಲ್ಲ. ಆದ್ರ ಒಂದು ನೋಡ್ರಿ, ಮಣ್ಣು ಮೆತ್ತಗಿದ್ದಲ್ಲೇ ಅವು ಕೊರೀತಾವ. ಗ್ವಾಡಿ ಬುಡ ಪುಡಿ ಉದುರಾಕತ್ತಿದ್ರ, ಬಿಳೇ ಉಪ್ಪು ಬಿಟ್ಟಿದ್ರ, ಅಲ್ಲಿ ಬಚ್ಚಲ ನೀರೋ ಮಾಳಗಿ ನೀರೋ ಇಳೀತಿರತದ. ಹುಳ ಆ ಗ್ವಾಡಿ ಕೆಡಿಸಿಲ್ಲ, ಕೆಟ್ಟ ಗ್ವಾಡಿ ಹುಡುಕ್ಕೊಂಡು ಬಂದಾವ. ಅಂಥ ಒದ್ದಿ ಮಣ್ಣಿನ ಮ್ಯಾಲ ಸಿಮೆಂಟ್ ಬಳದ್ರ ಒಳಗಿನ ಹಸಿ ಹೊರಗ ಹೋಗಾಕ ದಾರಿ ಇಲ್ಲದಂಗ ಆಗಿ ಕೆಲವು ವರ್ಷಕ್ಕ ಪ್ಲಾಸ್ಟರ್ ಹಪ್ಪಳದಂಗ ಬಿಟ್ಕೊಂತದ, ಇದನ್ನ ನಿಮ್ಮ ಗೌಂಡಿನೂ ಹೇಳ್ತಾನ ಕೇಳಿ ನೋಡ್ರಿ. ಮೊದಲ ನೀರು ತಿರುಗಸ್ರಿ.

ಈಗ ಪ್ಲಾಸ್ಟರ್ ಮಾಡಿಸಿದ್ರ ಒಳಗ ಮುಚ್ಚಿರೋ ಮರಿ ಎಲ್ಲಾ ಹೊರಗ ಬರಾಕ ದಾರಿ ಇಲ್ಲದ ಸಾಯ್ತಾವ, ಅಂದ್ರ ಬರೋ ವರ್ಷದ ಜೇನು ಪೂರ್ತಿ ಹೋದಂಗ, ಯಾಕಂದ್ರ ತಾಯಂದಿರ ಆಯುಷ್ಯ ಕೆಲವು ವಾರ ಅಷ್ಟ, ಅವು ಮತ್ತ ಹೊಸದಾಗಿ ಶುರು ಮಾಡಾಕ ಟೈಮಿಲ್ಲ. ಮದುವಿ ಹತ್ರ ಬರೋ ತನಕ ತಡದ್ರ ಸಾಕೇನು ಅಂದ್ರ, ಅರ್ಧ ಸಾಕು. ಬೆಚ್ಚಗಿದ್ದಾಗ ತತ್ತಿಯಿಂದ ಜೇನು ಆಗಿ ಹೊರಗ ಬರಾಕ ಒಂದೂವರಿ ಎರಡು ತಿಂಗಳು ಸಾಕಾಗಬಹುದು, ಆದ್ರ ಒಣ ದಿನ ಶುರುವಾದ್ರ ಒಳಗಿನ ಮರಿ ಅಲ್ಲೇ ಮಲಗಿ ಮಳಿಗಾಲ ಕಾಯೋದೂ ಐತಿ. ಜನವರಿ ಕೊನಿಗೆ ಕೆಲವು ಖಾಲಿ ಆಗಿರ್ತಾವ, ಕೆಲವು ಇರೂದಿಲ್ಲ.

ಅದಕ್ಕ ನನ್ನ ಸಲಹಿ ಇದು. ಮದುವಿಗೆ ಬರೋರು ನೋಡೋದು ಮುಂದಿನ ಗ್ವಾಡಿ, ಹಂದರ ಹಾಕೋ ಕಡಿ. ಉಳದ ಮೂರು ಗ್ವಾಡಿ ಮಾಡಸ್ರಿ, ಹಿತ್ತಲ ಗ್ವಾಡಿ ಬಿಡ್ರಿ. ಬರೋ ನೆಂಟರ ಕಣ್ಣಿಗೆ ಚಂದ ಕಾಣಬೇಕಂದ್ರ ತೂತಿಲ್ಲದ ಭಾಗಕ್ಕ ಸೆಗಣಿ ಹೊಟ್ಟು ಕಲಸಿದ ಮಣ್ಣು ಸಾರಿಸಿ ಸುಣ್ಣ ಹೊಡಸ್ರಿ, ತೂತಿರೋ ಪಟ್ಟಿ ಹಂಗ ಇರ್ಲಿ. ಪೂರ್ತಿ ಕೆಡವಿ ಕಟ್ಟೋದ ಇದ್ರ, ಗ್ವಾಡಿ ಹಸಿ (ಸುಡದ) ಇಟ್ಟಂಗಿದಾಗಿದ್ರ, ತೂತಿರೋ ಇಟ್ಟಂಗಿ ಒಡೀದಂಗ ಬಿಡಿಸಿ ಕೊಟ್ಟಿಗ್ಯಾಗ ಒಣ ಜಾಗದಾಗ, ಬಾಯಿ ಹೊರಗ ಮಾಡಿ ಜೋಡಸಬಹುದು. ನಾನು ಒಂದು ಸಲ ಯಲಬುರ್ಗಿ ಕಡಿ ಹಿಂಗ ಮಾಡಿಸಿದ್ದೆ, ಅರ್ಧದಷ್ಟು ಇಟ್ಟಂಗಿ ಬಿಡಿಸೋವಾಗಲೇ ಪುಡಿ ಆದ್ವು, ಉಳದದ್ರಾಗಿಂದ ಮುಂದ ಜೇನು ಹೊರಗ ಬಂದ್ವು. ಹಂಗಾಗಿ ಇದು ಕೊನೇ ದಾರಿ. ಹೊಸ ಹಸಿ ಇಟ್ಟಂಗಿ ಒಂದಿಪ್ಪತ್ತು ಈಗ ಒಟ್ಟಿಟ್ಟು ಪೆನ್ಸಿಲ್‌ಲೇ ತೂತು ಮಾಡಿ ಇಡೋದೂ ಚೊಲೋ, ಬರೋ ವರ್ಷ ಹುಟ್ಟೋವಕ್ಕ ಜಾಗ ಆಗಬಹುದು, ಬಂದ ಬರ್ತಾವ ಅಂತ ಗ್ಯಾರಂಟಿ ಕೊಡಾಕ ಆಗೂದಿಲ್ಲ.

ಮೊಮ್ಮಗನಿಗೆ ಕಡ್ಡಿ ಚುಚ್ಚಬ್ಯಾಡ, ಕೈ ಮುಚ್ಚಿ ಹಿಡೀಬ್ಯಾಡ ಅಂತ ಎರಡ ಮಾತು ಕಲಿಸ್ರಿ. ಸಂಜಿಗೆ ಕರಕೊಂಡು ಹೋಗಿ ಬೇಲಿ ಒಣ ಕಡ್ಡಿ ನೋಡಸ್ರಿ, ನೀಲಿ ಪಟ್ಟಿ ಗಂಡು ಜೇನು ಮನಿಗೆ ಹೋಗೂದಿಲ್ಲ, ನಾಲ್ಕೈದು ಕೂಡಿ ಒಂದ ಕಡ್ಡಿಗೆ ಬಾಯಿಲೇ ಕಚ್ಚಿ ಹಿಡಕೊಂಡು ಕಾಲು ಬಿಟ್ಟು ಜೋತು ಬಿದ್ದು ನಿದ್ದಿ ಮಾಡ್ತಾವ. ಅದನ್ನ ಒಮ್ಮೆ ನೋಡಿದ ಹುಡುಗ ಮತ್ತ ಕಲ್ಲು ಒಗಿಯೂದಿಲ್ಲ.

ಹೊಲದ ಮಾತೂ ಒಂದು ಐತಿ, ಗ್ವಾಡಿ ಉಳಿಸಿ ತೊಗರಿಗೆ ಹೂವಿದ್ದಾಗ ಮುಂಜಾನೆ ಎಣ್ಣಿ ಹೊಡದ್ರ ಏನೂ ಉಪಯೋಗಿಲ್ಲ. ಕಾಯಿ ಕೊರಕಕ್ಕ ಹೊಡೀಬೇಕಾದ್ರ ಹುಳ ಎಷ್ಟು ಅದಾವ ಅಂತ ನೋಡಿ, ಅಗತ್ಯ ಇದ್ರಷ್ಟ, ಸಂಜಿ ಹೊತ್ತು ಮುಳಗಿದಮ್ಯಾಲ ಹೊಡಸ್ರಿ, ಅಪಾಯ ಪೂರ್ತಿ ಹೋಗೂದಿಲ್ಲ, ಕಡಿಮಿ ಆಗ್ತದ. ಬೀಜಕ್ಕ ಹಚ್ಚಿ ಬರೋ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಗಿಡದ ಒಳಗ ಏರಿ ಪರಾಗಕ್ಕೂ ಬರ್ತಾವ, ಮಣ್ಣಿನಾಗೂ ಉಳೀತಾವ, ನೆಲದಾಗ ಗೂಡು ಮಾಡೋವಕ್ಕ ಎರಡೂ ಕಡಿ ಹೊಡ್ತ. ಯುರೋಪಿನವ್ರು ಇವೆರಡೂ ಸೇರಿ ಮೂರು ಔಷಧನ ಬಯಲು ಹೊಲದಾಗ ಬಳಸಬಾರದು ಅಂತ 2018ರಾಗ ನಿಲ್ಲಿಸಿದ್ರು. ಬದುವಿನ ತುಂಬಿ, ತಂಗಡಿ, ಎಕ್ಕಿ ಗಿಡಕ್ಕ ಕಳೆನಾಶಕ ಹೊಡಸಬ್ಯಾಡ್ರಿ, ತೊಗರಿ ಹೂವಿಲ್ಲದ ತಿಂಗಳಿನಾಗ ಇವಕ್ಕ ಅದ ಊಟ. ಕಾರಟಗಿ ಸಿಂಧನೂರು ಕಡಿ ತುಂಗಭದ್ರಾ ಎಡದಂಡಿ ಕಾಲುವಿ ನೀರು ಬಂದು ಎಲ್ಲಾ ಭತ್ತ ಆದಮ್ಯಾಲ ನೋಡೀನಿ, ಗದ್ದಿ ನೀರಾಗ ನೆಲದ ಗೂಡು ಉಳಿಯೂದಿಲ್ಲ, ಭತ್ತದ ಹೂವಿನಾಗ ಅವಕ್ಕ ಮಕರಂದನೂ ಇಲ್ಲ, ಅಲ್ಲಿ ಇವು ಬದುಕಿರೋದ ಬದುವಿನ ಮ್ಯಾಲ. ನಿಮ್ಮದು ಖುಷ್ಕಿ ಭೂಮಿ, ಇನ್ನೂ ಜಾಗ ಐತಿ.

ಗೌಂಡಿ ಬರೋ ಹಿಂದಿನ ಸಂಜಿ ಕತ್ತಲಾದಮ್ಯಾಲ ಟಾರ್ಚ್ ಹಿಡದು ಎಲ್ಲಾ ಗ್ವಾಡಿ ಒಂದು ಸುತ್ತು ನೋಡ್ರಿ. ತೆರೆದ ತೂತಿನಾಗ ಹೆಣ್ಣು ಬಾಗಲಿಗೆ ಮಾರಿ ಮಾಡಿ ಕೂತಿರಬಹುದು, ಕಣ್ಣು ಹೊಳೀತಾವ. ಮಣ್ಣು ಮೆತ್ತಿ ಮುಚ್ಚಿದ ತೂತು ಕಂಡ್ರ ಖಾಲಿ ಅಂತ ತಿಳೀಬ್ಯಾಡ್ರಿ, ಮರಿ ಇರೋದ ಅಲ್ಲಿ. ಎರಡಕ್ಕೂ ಸೀಮೆಸುಣ್ಣದ ಸುತ್ತು ಹಾಕಿ, ಸುತ್ತು ಹಾಕಿದಲ್ಲಿ ಕರಣಿ ಮುಟ್ಟಸಬ್ಯಾಡ ಅಂತ ಗೌಂಡಿಗೆ ನೀವ ನಿಂತು ಹೇಳ್ರಿ, ಮನಿಯವ್ರ ಮ್ಯಾಲ ಬಿಡಬ್ಯಾಡ್ರಿ.